ಐದನೆಯವನಿಗೆ ಜಾಗ

ಬಹಳ ಹಿಂದೆ, ಹುಲಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ನೀಲಗೋಡು ಎಂಬ ರಾಜ್ಯವಿತ್ತು. ಅಲ್ಲಿ ತುಂಗಲೆ ಎಂಬ ಹುಡುಗಿ ತಮ್ಮ ಕಂಚೀರನ ಜೊತೆ ಇದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದ ಮನೆಯ ಗಾಣದ ಸೋವಣ್ಣ, ಅವನ ಹೆಂಡತಿ ಮಾಳಕ್ಕ ಬರುವರು. ನಾಲ್ವರೂ ಜಗಲಿಯ ಮೇಲೆ ಚೌಕಾಬಾರದ ಮನೆ ಬರೆದು ಕವಡೆ ಹಾಕುವರು. ಹುರಿಗಡಲೆ ಮುಗಿಯುವವರೆಗೂ ಆಟ. ಕಂಚೀರ ಮೋಸ ಮಾಡುವನು, ಸೋವಣ್ಣ ಗೊತ್ತಿದ್ದೂ ಸುಮ್ಮನಿರುವನು.

ಒಂದು ಸಂಜೆ ಕೋಲೂರಿಕೊಂಡು ಬಂದ ಮುದುಕನೊಬ್ಬ ಜಗಲಿಯ ಮೆಟ್ಟಿಲ ಬಳಿ ನಿಂತು, ತನ್ನನ್ನೂ ಆಟಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದ. ತುಂಗಲೆ ತಲೆಯನ್ನೂ ಎತ್ತದೆ, "ಆಟ ನಾಲ್ಕೇ ಜನಕ್ಕೆ ಅಜ್ಜ. ಜಾಗ ಇಲ್ಲ" ಎಂದಳು.

ಆ ಮುದುಕ ಧೂಮಾಕ್ಷನೆಂಬ ಮಾಯಾವಿ. "ಹಾಗಾದರೆ ನೀನೊಬ್ಬಳೇ ಆಡು" ಎಂದು ಕೋಲು ಕುಟ್ಟಿದ. ಉಳಿದ ಮೂವರೂ ಕರಿಮರದ ಆಟದ ಕಾಯಿಗಳಾಗಿ ಅವನ ಮುಷ್ಟಿ ಸೇರಿದರು. ಅವನು ಹೊರಟುಹೋದ.

ಅಂದಿನಿಂದ ತುಂಗಲೆ ಒಂಟಿ. ಸಂಜೆಯಾದರೆ ಮನೆ ಬರೆದು, ನಾಲ್ಕು ಕಡೆಯೂ ತಾನೇ ಎದ್ದೆದ್ದು ಕೂತು, ನಾಲ್ವರ ಕವಡೆಯನ್ನೂ ತಾನೇ ಹಾಕುವಳು. ತಮ್ಮನ ಜಾಗದಲ್ಲಿ ಕೂತಾಗ ಅವನಂತೆಯೇ ಮೋಸ ಮಾಡಿ ನೋಡುವಳು. ಕೇಳುವವರಿಲ್ಲದೆ ಅಳು ಬರುತ್ತಿತ್ತು. ಗೆದ್ದರೂ ಅವಳೇ, ಸೋತರೂ ಅವಳೇ. ಕೊನೆಗೆ ಕೈಬಳೆಯೊಂದನ್ನು ಒಡೆದು, ಅದರ ಚೂರನ್ನೇ ಆಟದ ಕಾಯಿಯೆಂದು ಸೆರಗಿಗೆ ಕಟ್ಟಿಕೊಂಡು ಕಾಡಿನಾಚೆ ಇದ್ದ ಮಾಯಾವಿಯ ಕೋಟೆಗೆ ನಡೆದಳು.

ಬಾಗಿಲು ಕಾಯುತ್ತಿದ್ದ ಹುಲಿ ಬೆರಗಾಯಿತು. ಇಲ್ಲಿಗೆ ತಾವಾಗಿ ಬಂದವರು ಯಾರೂ ಇಲ್ಲ ಎಂದು ಹೇಳಿ ದಾರಿ ಬಿಟ್ಟಿತು.

ಧೂಮಾಕ್ಷ ಕಲ್ಲಿನ ಮಣೆಯ ಮುಂದೆ ಕೂತಿದ್ದ. ಅವನ ನಾಲ್ಕು ಕಾಯಿಗಳಲ್ಲಿ ಮೂರು ಅವಳ ಜನ, ನಾಲ್ಕನೆಯದು ಅವನದೇ ಜೀವ. ಅದನ್ನು ಅವನು ಯಾರೂ ಹೊಡೆಯಲಾಗದ ಕಟ್ಟೆಯಿಂದ ಕದಲಿಸುತ್ತಿರಲಿಲ್ಲ. ನಿನ್ನ ಕಾಯಿ ನಡುಮನೆ ಸೇರಿದರೆ ಮೂವರನ್ನೂ ಬಿಡುತ್ತೇನೆ, ಅಲ್ಲಿಯವರೆಗೆ ಏಳುವಂತಿಲ್ಲ ಎಂದ.

ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ, ಅದು ಆಟದ ನಿಯಮ. ಹೊಡೆದರೆ ತನ್ನವರ ಜೀವಕ್ಕೇನಾದೀತೋ ಎಂದು ತುಂಗಲೆ ಹೆದರಿದಳು. ಬಳೆಚೂರು ಹೊರಸುತ್ತಿನಲ್ಲೇ ಸುತ್ತಿತು, ಮತ್ತೆ ಸುತ್ತಿತು. ಮಾಯಾವಿಗೆ ಬೇಕಿದ್ದುದೂ ಅದೇ: ಮುಗಿಯದ ಆಟ, ಎದ್ದುಹೋಗದ ಜೊತೆ. ಹುರಿಗಡಲೆಯನ್ನೂ ತರಿಸಿಟ್ಟಿದ್ದ. ಅದಕ್ಕೆ ರುಚಿಯಿರಲಿಲ್ಲ.

ಆಗ ಅವಳಿಗೆ ತಮ್ಮನ ನೆನಪಾಯಿತು. ಅವನ ಕಾಯಿ ಹೊಡೆದಾಗಲೆಲ್ಲ ಮುಖ ಊದಿಸಿಕೊಂಡು ಅದನ್ನು ಹೊರಟಲ್ಲಿಗೇ ತಂದಿಡುತ್ತಿದ್ದ. ಹೊಡೆದ ಕಾಯಿ ಹೊರಟಲ್ಲಿಗೆ ಮರಳಬೇಕು. ಈ ಮೂವರು ಹೊರಟದ್ದು ತನ್ನ ಜಗಲಿಯಿಂದಲ್ಲವೇ? ಆದರೆ ಎಣಿಕೆ ತಪ್ಪಿದರೆ? ನೆರೆಯವರ ಜೀವ ಪಣಕ್ಕಿಡಲು ಮನಸ್ಸಾಗಲಿಲ್ಲ.

"ತಮ್ಮಾ, ಹೊಟ್ಟೆಗೆ ಹಾಕ್ಕೋ" ಎಂದು ಕಂಚೀರನನ್ನೇ ಹೊಡೆದಳು.

ಕಾಯಿ ಮಾಯವಾಯಿತು. ಧೂಮಾಕ್ಷ ನಗಲಿಲ್ಲ, ಉಳಿದವಕ್ಕೆ ಗಾಬರಿಯಿಂದ ಕೈ ಅಡ್ಡ ಹಿಡಿದ. ಎಣಿಕೆ ಸರಿ ಎಂದು ತಿಳಿಯಲು ಅವಳಿಗೆ ಅಷ್ಟು ಸಾಕಾಯಿತು. ನಾಲ್ಕರ ಚೌಕ ಬಿತ್ತು, ಸೋವಣ್ಣ ಹೋದ. ಎಂಟರ ಬಾರ ಬಿತ್ತು, ಮಾಳಕ್ಕ ಹೋದಳು. ಬಿಡಿಸಿಕೊಳ್ಳಬೇಕಾದವರು ಯಾರೂ ಉಳಿಯಲಿಲ್ಲ, ಏಳಬಾರದೆಂಬ ಕಟ್ಟೂ ಕಳಚಿ ಕೋಟೆಯ ಬಾಗಿಲು ತಾನಾಗಿ ತೆರೆಯಿತು.

ಹೊಸಿಲಲ್ಲಿ ತುಂಗಲೆ ತಿರುಗಿ ನೋಡಿದಳು. ಮುದುಕ ಎದ್ದು ಅವಳ ಜಾಗದಲ್ಲಿ ಕೂತು ಅವಳ ಕವಡೆ ಹಾಕಿದ. ಮತ್ತೆ ಎದ್ದು ತನ್ನ ಜಾಗಕ್ಕೆ ಹೋಗಿ ತನ್ನದು ಹಾಕಿದ. ಆ ಆಟ ಎಂಥದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿರುಗಿ ಬಂದು ಕೂತಳು.

"ಕಟ್ಟೆ ಬಿಟ್ಟು ಬಾ ಅಜ್ಜ."

"ಹೊಡೆದರೆ ಎಲ್ಲಿಗೆ ಹೋಗಲಿ ಮಗಳೇ? ನನಗೆ ಯಾರಿದ್ದಾರೆ?" ಎಂದ. ಆದರೂ ಕಾಯಿಯನ್ನು ಕಟ್ಟೆಯಿಂದಾಚೆ ನಡೆಸಿದ. ಅವಳು ಹೊಡೆದಳು, ಮುದುಕ ಮಾಯವಾದ. ಕೋಟೆ ಹೊಗೆಯಾಗಿ ಕರಗಿತು, ಹುಲಿ ಕಾಡಿನ ದಾರಿ ಹಿಡಿಯಿತು.

ತುಂಗಲೆ ಅಷ್ಟು ದೂರವನ್ನೂ ಒಬ್ಬಳೇ ನಡೆದು ಬಂದಳು. ಜಗಲಿಯಲ್ಲಿ ದೀಪವಿತ್ತು. ಮೂವರು ಆಡುತ್ತಿದ್ದರು, ಅವಳ ಜಾಗ ಖಾಲಿ ಇತ್ತು.

"ಅಕ್ಕಾ, ನಿನ್ನ ಕವಡೇನೂ ನಾನೇ ಹಾಕ್ತಿದೀನಿ" ಎಂದ ಕಂಚೀರ. "ನೀನು ಸೋಲ್ತಿದೀಯ."

ಅವಳು ಅಳುತ್ತಲೇ ನಕ್ಕಳು. ಮೆಟ್ಟಿಲ ಬಳಿ ಕೋಲೂರಿಕೊಂಡು ಮುದುಕ ನಿಂತಿದ್ದ. ಅವನು ಸಿಟ್ಟಿನಿಂದ ಹೊರಟದ್ದೂ ಅಲ್ಲಿಂದಲೇ. ಕೋಲಿನಲ್ಲಿ ಈಗ ಮಾಯೆಯಿರಲಿಲ್ಲ, ಏನನ್ನೂ ಕೇಳುವ ಧೈರ್ಯ ಅವನಲ್ಲಿರಲಿಲ್ಲ.

ತುಂಗಲೆ ತನ್ನ ಜಾಗದ ಧೂಳು ಕೊಡವಿ, "ಬಾ ಅಜ್ಜ, ಇಲ್ಲಿ ಕೂತ್ಕೋ" ಎಂದಳು.

ನೀಲಗೋಡಿನಲ್ಲಿ ಅಂದಿನಿಂದ ಗೆದ್ದವರು ಎದ್ದು, ನಿಂತವರಿಗೆ ಜಾಗ ಬಿಡುತ್ತಾರೆ. ಹಾಗಾಗಿ ಅಲ್ಲಿ ಯಾರಿಗೂ ಗೆಲ್ಲುವ ಆತುರವಿಲ್ಲ. ಎಲ್ಲರೂ ನೆಮ್ಮದಿಯಾಗಿದ್ದಾರೆ, ಹುರಿಗಡಲೆ ಮಾತ್ರ ಬೇಗ ಮುಗಿಯುತ್ತದೆ.