ಬೆರಳುದ್ದದ ಬಿಸುಪು

“ಮುಟ್ಟಬೇಡಿ! ಅದು ನನ್ನ ಮೈಕು!”

ಅವಳು ಕಿರುಚಿಯೇಬಿಟ್ಟಳು. ಆದರೆ ಆತ ಆಗಲೇ ಮೈಕಿನಿಂದ ವೈರು ಕಿತ್ತಾಗಿತ್ತು. ಜೇಬಿನಿಂದ ಬೆರಳುದ್ದದ ಲೋಹದ ಕೊಳವೆಯೊಂದನ್ನು ತೆಗೆದು, ಮೈಕಿಗೂ ವೈರಿಗೂ ನಡುವೆ ಸಿಕ್ಕಿಸಿದ.

“ಏನದು?”

“ಪ್ರೀಆಂಪ್. ಧ್ವನಿಗೆ ಸ್ವಲ್ಪ ಬಿಸುಪು ಬರುತ್ತೆ.”

ಅಷ್ಟು ಹೇಳಿ ಗಾಜಿನಾಚೆಯ ತನ್ನ ಕೋಣೆಗೆ ಹೋಗಿ ಕುಳಿತ.

ಬಿಸುಪಂತೆ! ಹುಣ್ಣಿನ ಮೇಲೇ ಬೆರಳಿಟ್ಟಿದ್ದ ಮಹಾನುಭಾವ!

ಅವಳ ಧ್ವನಿಯನ್ನು ಕೇಳದವರಿಲ್ಲ. ಫೋನಿನಲ್ಲಿ “ನೀವು ಸರದಿಯಲ್ಲಿದ್ದೀರಿ, ದಯವಿಟ್ಟು ಕಾಯಿರಿ” ಎನ್ನುವವಳು ಅವಳೇ. ಲಿಫ್ಟಿನಲ್ಲಿ “ಬಾಗಿಲು ಮುಚ್ಚುತ್ತಿದೆ” ಎನ್ನುವವಳೂ ಅವಳೇ. ಆದರೆ ಕಥೆ ಓದುವ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಉತ್ತರ... “ಧ್ವನಿ ಸ್ಪಷ್ಟ, ಆದ್ರೆ ತಣ್ಣಗಿದೆ.”

ಈಗ ಈ ಆಡಿಯೋ ಪುಸ್ತಕದ ಸ್ಟುಡಿಯೋದವರು ಒಂದು ಅವಕಾಶ ಕೊಟ್ಟಿದ್ದರು. ಮೊದಲ ಮೂರು ಅಧ್ಯಾಯ ಸ್ಟುಡಿಯೋ ನಡೆಸುವ ಮೇಡಂಗೆ ಹಿಡಿಸಿದರೆ ಇಡೀ ಕಾದಂಬರಿ ಅವಳದು. ಇಲ್ಲದಿದ್ದರೆ ಮತ್ತೆ ಅದೇ ಲಿಫ್ಟು.

ಆ ಸೌಂಡ್ ಇಂಜಿನಿಯರನ್ನು ಅಲ್ಲಿ ಎಲ್ಲರೂ ‘ಸೈಲೆನ್ಸ್’ ಎಂದೇ ಕರೆಯುತ್ತಿದ್ದರು. ರೆಕಾರ್ಡಿಂಗಿಗೆ ಮುಂಚೆ ಅದೊಂದು ಪದ ಹೇಳಿಬಿಟ್ಟರೆ ಅವನ ಅವತ್ತಿನ ಮಾತು ಮುಗಿದಂತೆ!

ಪ್ರತಿದಿನ ಓದು ಮುಗಿದ ಮೇಲೆ ಕೋಣೆಯ ಮೌನವನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ತಪ್ಪು ಕತ್ತರಿಸಿದ ಕಡೆ ಆ ಮೌನವನ್ನೇ ತೇಪೆ ಹಾಕುತ್ತಾರೆ. ಅಷ್ಟು ಹೊತ್ತು ಅವಳು ಅಲ್ಲಾಡುವಂತಿರಲಿಲ್ಲ. ಗಾಜಿನಾಚೆ ಅವನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳಿಗೆ ನೋಡಲು ಇದ್ದದ್ದು ಆ ಮುಖವೊಂದೇ. ನೋಡಿದಳು... ನೋಡುತ್ತಲೇ ಹೋದಳು.

ಒಂದು ದಿನ ಕಿರುಗುಟ್ಟುವ ಅವಳ ಕುರ್ಚಿಯ ಮೇಲೆ ದಿಂಬು ಬಂತು. ಗಂಟಲು ಕಟ್ಟಿದ ದಿನ ಕೇಳದೆಯೇ ಬಿಸಿನೀರು ಬಂತು. ಆ ಸಂಜೆಯ ಮೌನದಲ್ಲಿ ಅವಳು ತುಟಿಯೊಳಗೇ ಏನೋ ಗೊಣಗಿಕೊಂಡಳು. ಯಾರಿಗೆ ಕೇಳಿಸೀತು!

ಮನೆಯಲ್ಲಿ ಮಾತ್ರ ಕಾಲು ಸುಟ್ಟ ಬೆಕ್ಕಿನಂತೆ ಓಡಾಟ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ, ನಡುವೆ ಕನ್ನಡಿಯ ಮುಂದೆ.

“ಏನೇ ಇದು? ನೆಲ ಸವೆದುಹೋಗುತ್ತೆ ಕಣೇ,” ಎಂದರು ಅತ್ತಿಗೆ.

“ಮೂರನೇ ಅಧ್ಯಾಯದ ಭಯ ಅತ್ತಿಗೆ.”

“ಹೌದೌದು... ಕನ್ನಡಿ ಮುಂದೆ ನಿಂತು ಅಧ್ಯಾಯ ಓದೋರನ್ನ ಇವತ್ತೇ ನೋಡಿದ್ದು!”

ಮೂರನೇ ಅಧ್ಯಾಯದ ದಿನ ಎದ್ದವಳೇ ತಡೆಯಲಾರದೆ ಬೇಗನೇ ಸ್ಟುಡಿಯೋಗೆ ಓಡಿದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ಮೇಡಂಗೆ ಹೇಳುತ್ತಿದ್ದ.

“ಇಲ್ಲ ಮೇಡಂ, ಪ್ರೀಆಂಪ್ ಬೇರೆ ರೂಮಿಗೆ ಕೊಡೋಕಾಗಲ್ಲ. ಅದಿಲ್ದೆ ಇವರ ಓದು ನಡೆಯಲ್ಲ.”

ಅವಳು ಬಾಗಿಲ ಮರೆಗೆ ಸರಿದಳು. ಹಾಗಾದರೆ... ಬಿಸುಪೆಲ್ಲ ಆ ಕೊಳವೆಯದೇ? ನಾನು ಬರೀ ಲಿಫ್ಟೇ?

ಮೇಡಂ ಹೊರಟ ಮೇಲೆ ಬಿರುಗಾಳಿಯಂತೆ ಒಳಗೆ ನುಗ್ಗಿದಳು. ಕೊಳವೆಯನ್ನು ಕಿತ್ತು ಮೇಜಿನ ಮೇಲಿಟ್ಟಳು.

“ಇವತ್ತು ಇದಿಲ್ದೆ ಓದ್ತೀನಿ.”

“ಬೇಡ, ಒಂದ್ನಿಮಿಷ ಕೇಳಿ...”

“ನೀವು ಸೈಲೆನ್ಸ್ ತಾನೇ? ಹಾಗೇ ಇರಿ!”

ಕಾದಂಬರಿಯ ತಾಯಿ ಮಲಗಿದ ಮಗುವಿಗೆ ಪಿಸುಗುಟ್ಟುವ ಭಾಗ ಅದು. ಓದಿದಳು. ಅವನು ಅದನ್ನು ಹಾಕಿ ಕೇಳಿಸಿದ. ಪಿಸುಮಾತಿನ ತುಂಬ ಸ್ಟೌ ಉರಿಯುವಂಥ ಹುಯ್ಯೆನ್ನುವ ಸದ್ದು! ಹಟ ಹಿಡಿದು ಮತ್ತೆ ಓದಿದಳು, ಈ ಸಲ ಗಟ್ಟಿಯಾಗಿ. ಸದ್ದು ಅಡಗಿತು. ಆದರೆ ತಾಯಿ ಮಗುವಿಗೆ “ದಯವಿಟ್ಟು ಕಾಯಿರಿ” ಎಂದಂತಿತ್ತು...

ಅವಳ ಕಣ್ಣು ತುಂಬಿತು. “ನೀವು ಹೇಳಿದ್ದೇ ನಿಜ. ನಂದು ತಣ್ಣಗಿನ ಧ್ವನಿ.”

ಅವನು ಗಾಜಿನಾಚೆಯಿಂದ ಎದ್ದು ಬಂದ.

“ನಾನೆಲ್ಲಿ ಹಾಗಂದೆ? ನಿಮ್ಮ ಮೈಕಿಗೆ ಕಿವಿ ಮಂದ. ನೀವು ಮನಸ್ಸಿಟ್ಟು ಓದುವಾಗ ಧ್ವನಿ ತೀರಾ ಮೆಲ್ಲಗಾಗುತ್ತೆ. ಅದನ್ನ ಹಿಡಿಯೋಕೆ ನಾನು ಮೆಷಿನ್ನಲ್ಲಿ ಸೌಂಡ್ ಏರಿಸಿದ್ರೆ ಈ ಹುಯ್ ಸದ್ದು ಬರುತ್ತೆ. ಹಿಂದೆ ಎಲ್ರೂ ಗಟ್ಟಿಯಾಗಿ ಓದಿ ಅಂದಿರ್ತಾರೆ ಅಲ್ವಾ?”

ಅವಳು ತಲೆಯಾಡಿಸಿದಳು.

“ಅಲ್ಲೇ ತಣ್ಣಗಾಗಿದ್ದು. ಈ ಪ್ರೀಆಂಪ್ ಮೈಕಿನ ಹತ್ರಾನೇ ಧ್ವನಿ ಎತ್ತಿಕೊಡುತ್ತೆ, ನೀವು ಕೂಗಬೇಕಿಲ್ಲ. ಬಿಸುಪು ಅದರದ್ದು ಚಿಟಿಕೆಯಷ್ಟು... ಉಳಿದಿದ್ದೆಲ್ಲ ನಿಮ್ದೇ. ಮೊದಲ ದಿನಾನೇ ಹೇಳ್ಬೇಕಿತ್ತು. ನಂಗೆ ಮಾತು ಬರಲ್ಲ.”

ಇಷ್ಟೊಂದು ಮಾತು! ಅವಳು ಕಣ್ಣೊರೆಸಿಕೊಂಡಳು. ಕೊಳವೆಯನ್ನು ತಾನೇ ಸಿಕ್ಕಿಸಿ ಮತ್ತೆ ಓದಿದಳು. ಈ ಸಲ ತಾಯಿ ತಾಯಿಯಾಗಿದ್ದಳು. ಓದಿ ಮುಗಿಸಿ ಗಾಜಿನತ್ತ ನೋಡಿದರೆ ಅವನು ಕಣ್ಣು ಒತ್ತಿಕೊಳ್ಳುತ್ತಿದ್ದ.

“ಇನ್ನೊಂದು ವಿಷ್ಯ,” ಅವನ ದನಿ ಸ್ಪೀಕರಿನಲ್ಲಿ ಬಂತು. “ಬಿಸಿನೀರು ಕೊಟ್ಟ ದಿನದ ಮೌನ ಉಪಯೋಗಕ್ಕೆ ಬರಲಿಲ್ಲ. ಕೇಳಿ.”

ಸ್ಪೀಕರಿನಲ್ಲಿ ಅವಳದೇ ಪಿಸುದನಿ... “ಒಂದ್ಸಲ ನಕ್ಕರೆ ಗಂಟೇನು ಹೋಗುತ್ತೆ ಈ ಸೈಲೆನ್ಸಿಗೆ? ನಕ್ಕುಬಿಟ್ರೆ ಆಮೇಲೆ ನನ್ನ ಗತಿ ಏನೋ!”

ಅಯ್ಯೋ! ಭೂಮಿ ಬಾಯಿಬಿಡಬಾರದೇ! ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಇದೂ ಪ್ರೀಆಂಪ್ ಇಲ್ದಿದ್ರೆ ಕೇಳಿಸ್ತಿರ್ಲಿಲ್ಲ,” ಎಂದ. “ಈಗ ಇವತ್ತಿನ ಮೌನ ತಗೋಬೇಕು. ಸೈಲೆನ್ಸ್.”

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಅವನು ಮೆಲ್ಲಗೆ ಒಳಗೆ ಬಂದು ಅವಳ ಪಕ್ಕ ಮಂಡಿಯೂರಿ ಕುಳಿತ. ಮೈಕಿಗೆ ಬಾಯಿಟ್ಟು, ಎಂದೂ ಯಾವ ಮೌನವನ್ನೂ ಕೆಡಿಸದ ಆ ಮನುಷ್ಯ ಪಿಸುಗುಟ್ಟಿದ.

“ನೀವು ಅಂದ್ರೆ ನಂಗೆ ತುಂಬಾ ಇಷ್ಟ.”

ಹೇಳಿ ನಕ್ಕ... ಮೊದಲ ಸಲ! ಅವಳ ಗತಿ ಅವಳು ಹೆದರಿದಂತೆಯೇ ಆಯಿತು.

“ಲೋ, ಮೈಕ್ ಆನ್ ಇದೆ!” ಸ್ಪೀಕರಿನಲ್ಲಿ ಮೇಡಂ! ಯಾವಾಗ ವಾಪಸ್ ಬಂದಿದ್ದರೋ, ಗಾಜಿನಾಚೆ ಅವನ ಹೆಡ್‌ಫೋನ್ ಮೇಡಂ ಕಿವಿಯಲ್ಲಿತ್ತು. “ಆ ತಾಯಿ ಭಾಗ ಬಾಗಿಲಲ್ಲೇ ನಿಂತು ಕೇಳ್ದೆ ಕಣಮ್ಮ. ಇಡೀ ಕಾದಂಬರಿ ನಿಂದೇ. ಇವನನ್ನೂ ನೀನೇ ಇಟ್ಕೋ!”

ಹೆಡ್‌ಫೋನ್ ಇಟ್ಟು ಮೇಡಂ ನಗುತ್ತಾ ಹೊರಟುಹೋದರು.

“ಇವತ್ತಿನ ಮೌನಾನೂ ಹಾಳಾಯ್ತಲ್ಲ...” ಅವಳು ತಲೆ ತಗ್ಗಿಸಿ ಮೆಲ್ಲಗೆ ಅಂದಳು.

“ಆಗ್ಲಿ ಬಿಡಿ. ಇನ್ನೊಂದು ಸಲ ತಗೊಳ್ಳೋಣ.”

“ನೀವು ಆ ಕಡೆ ಹೋಗಬೇಕಲ್ವಾ?”

“ಬೇಡ,” ಅವನು ಅವಳ ಕೈ ಹಿಡಿದುಕೊಂಡ. “ಇಲ್ಲೇ ಕೂತು ಕೇಳ್ತೀನಿ.”