ಸಜ್ಜೆ ಹೊಲದಲ್ಲಿ ಸಿಕ್ಕ ಕ್ಯಾಸೆಟ್

ಡಬ್ಬಿ ಬೀರುವಿನಲ್ಲೇ ಇತ್ತು. ಒಳಗೆ ಕ್ಯಾಸೆಟ್ ಇರಲಿಲ್ಲ.

ಭಾನುವಾರ ಸಂಜೆ. ಹಿರಿಯೂರಿನ ನಮ್ಮ ಮನೆ. ನನ್ನ ತಮ್ಮನ ಮಗ ಪ್ರದೀಪ್ ಬೀರುವಿನ ಮುಂದೆ ಕುಸಿದು ಕೂತ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಅವನು. ಕಾಲೇಜಿನಿಂದಲೂ ಡಸ್ಟ್ ಪಾರ್ಲರ್ ಅನ್ನೋ ಇಂಗ್ಲಿಷ್ ರಾಕ್ ಬ್ಯಾಂಡಿನ ಹುಚ್ಚು. ಆ ಬ್ಯಾಂಡಿನವರು ಬದಿಗೊಂದು ಹಾಡಿನಂತೆ ಬಿಟ್ಟ ಸಿಂಗಲ್ ಕ್ಯಾಸೆಟ್‌ಗಳನ್ನೆಲ್ಲ ಕೂಡಿಹಾಕಿದ್ದ. ಮುಂದಿನ ಬದಿಯ ಹಾಡು ಎಲ್ಲರ ಹತ್ತಿರವೂ ಇರುತ್ತದಂತೆ. ಬೆಲೆಯೆಲ್ಲ ಹಿಂದಿನ ಬದಿಗೆ. ಅದೇ ಬಿ-ಸೈಡ್. ಈಗ ಕಳೆದದ್ದರ ಬಿ-ಸೈಡ್ ಫೋನಿನಲ್ಲೂ ಸಿಗುವುದಿಲ್ಲವಂತೆ.

"ಇವತ್ತು ಯಾರ್ಯಾರು ಬಂದಿದ್ರು?" ಅಂದೆ.

"ಮಾವ, ದಯಾನಂದ. ಇಬ್ರೇ ದೊಡ್ಡಪ್ಪ."

ಮಾವ ಅಂದರೆ ಅವನ ಹೆಂಡತಿ ಅನುಷಾಳ ಅಪ್ಪ ದಾಸಣ್ಣ. ಧರ್ಮಪುರದಿಂದ ಶೇಂಗಾ ಚೀಲ ಹೊತ್ತು ತಂದಿದ್ದರು. ದಯಾನಂದ ಹೊಸದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅವನಿಗೂ ಇದೇ ಬ್ಯಾಂಡಿನ ಹುಚ್ಚು.

"ಮಾವಂದೇ ಕೆಲಸ," ಅಂದ ಪ್ರದೀಪ್. "ಹೋದ ತಿಂಗ್ಳು ಹೊಲಕ್ಕೆ ಹಳೇ ಟೇಪು ಕೇಳಿದ್ರು. ಒಂದು ಚೀಲ ಭಜನೆ ಕ್ಯಾಸೆಟ್ ಕೊಟ್ಟಿದ್ದೆ. ಸಾಲ್ದೆ ಬಂದೈತೆ."

ನಮ್ಮ ಕಡೆ ಸಜ್ಜೆ ಹಾಲುಗಟ್ಟುವಾಗ ಕ್ಯಾಸೆಟ್ಟಿನ ಟೇಪನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟುತ್ತಾರೆ. ಗಾಳಿಗೆ ಗುಂಯ್‌ಗುಡುತ್ತದೆ. ಹಕ್ಕಿ ಇಳಿಯುವುದಿಲ್ಲ.

"ನಮ್ಮಪ್ಪ ಕೇಳ್ದೆ ಒಂದು ಕಡ್ಡಿ ಮುಟ್ಟಲ್ಲ," ಅಂದಳು ಅನುಷಾ.

ಪ್ರದೀಪ್ ಅವಳ ಕಡೆ ನೋಡಲೂ ಇಲ್ಲ.

* * *

"ಲೇ, ತಡಿಯಪ್ಪ, ವಿಚಾರಿಸಿ ಹೋಗಾಣ," ಅಂದೆ. ಗೋಡೆಗೆ ಹೇಳಿದಂಗಾಯಿತು. ಬೆಳಗ್ಗೆ ಬೈಕ್ ಹತ್ತಿ ಧರ್ಮಪುರಕ್ಕೆ ಹೋದ. ಮಧ್ಯಾಹ್ನ ಬಂದವನೇ ಖಾಲಿ ಕ್ಯಾಸೆಟ್ ಒಂದನ್ನು ನಡುಮನೆಗೆ ಎಸೆದ. ಅವನದೇ ಕ್ಯಾಸೆಟ್ಟು. ಒಳಗೆ ಟೇಪಿಲ್ಲ.

"ನಿಮ್ಮಪ್ಪನ ಹೊಲದ ಬದುವಿನ ಮೇಲೆ ಬಿದ್ದಿತ್ತು. ಆಳುಗಳ ಮುಂದೇನೇ ಕೇಳಿ ಬಂದೆ."

"ಏನಂತ ಕೇಳಿದ್ರಿ?"

"ಕಳ್ಳನ್ನ ಏನಂತ ಕೇಳ್ತಾರೆ?"

ಅನುಷಾ ಬ್ಯಾಗಿಗೆ ನಾಲ್ಕು ಸೀರೆ ತುಂಬಿಕೊಂಡಳು. "ನಮ್ಮಪ್ಪ ಕಳ್ಳ ಅಲ್ಲ ಅಂತ ಗೊತ್ತಾದ ದಿನ ಬರ್ರಿ," ಅಂದು ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಹೋಗಿ ಕರೆದೆ. ತಿರುಗಲಿಲ್ಲ.

* * *

ಮಾರನೇ ದಿನ ಬಲವಂತ ಮಾಡಿ ಪ್ರದೀಪನನ್ನು ಕರೆದುಕೊಂಡು ಧರ್ಮಪುರದ ಬಸ್ಸು ಹತ್ತಿದೆ. ದಾಸಣ್ಣ ಹೊಲದಲ್ಲೇ ಇದ್ದರು.

"ಬರ್ರಿ ಬೀಗ್ರೆ, ಕುಂತ್ಕಳ್ರಿ," ಅಂದರು ನನಗೆ. ಅಳಿಯನಿಗೆ ಬೆನ್ನು ಹಾಕಿದರು.

ಕೂರಲಿಲ್ಲ. ಸಾಲು ಸಾಲು ಅಡ್ಡಾಡಿದೆ. ಟೇಪು ಮುಟ್ಟಿದರೆ ಪುಡಿಯಾಗುತ್ತಿತ್ತು. ಬಣ್ಣ ಹೋಗಿ ಮಾಸಿತ್ತು.

"ಇದು ಬಿಸ್ಲಿಗೆ ಬಿದ್ದು ಬಾಳ ದಿನ ಆಗೈತೆ ಕಣೋ. ನಿಂದು ಭಾನುವಾರ ಕಳ್ದಿದ್ದು," ಅಂದೆ.

ಪ್ರದೀಪ್ ಗೂಟದಿಂದ ಗೂಟಕ್ಕೆ ಕಣ್ಣು ಹಾಯಿಸಿದ. "ಸಿಂಗಲ್ಲಿನಾಗೆ ಎರಡೇ ಹಾಡು ದೊಡ್ಡಪ್ಪ. ಆ ಟೇಪು ಒಂದು ಸಾಲಿಗೂ ಸಾಲಲ್ಲ," ಅಂದ ಮೆಲ್ಲಗೆ.

ಗುಡಿಸಲ ಮಗ್ಗುಲಲ್ಲಿ ಭಜನೆ ಕ್ಯಾಸೆಟ್ಟುಗಳ ರಾಶಿ ಬಿದ್ದಿತ್ತು. ಎಲ್ಲದರ ಚಕ್ರದಲ್ಲೂ ಹರಿದ ಟೇಪಿನ ಚೂರು ಉಳಿದಿತ್ತು. ಜೇಬಿನಿಂದ ಪ್ರದೀಪನ ಖಾಲಿ ಕ್ಯಾಸೆಟ್ ತೆಗೆದು ಪಕ್ಕಕ್ಕೆ ಹಿಡಿದೆ. ಅದರ ಚಕ್ರದಲ್ಲಿ ಎಳೆಯೂ ಇಲ್ಲ. ಸ್ಕ್ರೂಗಳ ತಲೆ ಮೇಲೆ ಹೊಸ ಗೀರು ಹೊಳೆಯುತ್ತಿತ್ತು.

"ಬೀಗ್ರೆ, ನಿಮ್ಮತ್ರ ಸಣ್ಣ ಸ್ಕ್ರೂಡ್ರೈವರ್ ಐತಾ?"

"ಪಂಪ್‌ಸೆಟ್ಟಿಂದು ಐತೆ, ಮೊಳ ಉದ್ದ. ತರ್ಲಾ? ಅದನ್ನೂ ಕದ್ದೀನೇನೋ ನಿಮ್ಮ ಹುಡ್ಗ ನೋಡ್ಲಿ."

"ತಪ್ಪಾಯ್ತು ಅನ್ನೋ," ಅಂತ ಪ್ರದೀಪನ ಕಿವಿಯಲ್ಲಿ ಹೇಳಿದೆ.

"ಮೊದ್ಲು ಕ್ಯಾಸೆಟ್ ಸಿಗ್ಲಿ ದೊಡ್ಡಪ್ಪ. ಆಮೇಲೆ," ಅಂದು ಬಸ್ಸಿನ ಕಡೆ ಹೊರಟ. ತಲೆ ಚಚ್ಚಿಕೊಳ್ಳುವಂಗಾಯಿತು ನನಗೆ.

* * *

ಅಲ್ಲಿಂದ ನೇರ ಹೊಸದುರ್ಗ. ಸೇರುವಾಗ ಇಳಿಹೊತ್ತು. ದಯಾನಂದನ ಮನೆ ಗೋಡೆ ತುಂಬ ಕ್ಯಾಸೆಟ್ಟು.

"ಪಾಪ, ಮಾವನೇ ಹಿಂಗೆ ಮಾಡಿದ್ರಲ್ಲ ಪ್ರದಿ," ಅಂದ. ಟೀ ತರಿಸಿದ.

ಟೀ ಮುಟ್ಟದೆ ಪ್ರದೀಪನಿಗೆ ಅಂದೆ: "ಒಂದೊಂದೇ ಬೆಳಕಿಗೆ ಹಿಡಿ. ಟೇಪು ಕಮ್ಮಿ ಇರೋದು ತೆಗಿ."

"ಏನ್ ಯಜಮಾನ್ರೆ, ದೇವರನಾಮಾನೂ ಬಿಡಲ್ವಾ?" ದಯಾನಂದ ನಕ್ಕ.

ಕೆಳಗಿನ ಸಾಲಿನಲ್ಲಿ ಪ್ರದೀಪನ ಕೈ ನಿಂತಿತು. ದೇವರನಾಮದ ಚೀಟಿ. ಒಳಗಿನ ಸುರುಳಿ ಉಂಗುರದಷ್ಟು ತೆಳ್ಳಗಿತ್ತು. ಟೇಪ್ ರೆಕಾರ್ಡರಿಗೆ ಹಾಕಿದ. ದೇವರ ಹೆಸರು ಬರಲಿಲ್ಲ. ಗಿಟಾರು ಬಂತು.

"ದಾಸಣ್ಣ ಆಗಿದ್ರೆ ಎಳ್ದು ಹರೀತಿದ್ರು," ಅಂದೆ. "ಸ್ಕ್ರೂ ಬಿಚ್ಚಿ ಸುರುಳಿ ಎತ್ತಿದೋನಿಗೆ ಹಕ್ಕಿ ಓಡಿಸೋದು ಬೇಕಾಗಿರ್ಲಿಲ್ಲ, ಹಾಡು ಬೇಕಾಗಿತ್ತು. ಬಂದೋರು ಇಬ್ರು. ಹಾಡು ಬೇಕಾದೋನು ನೀನೊಬ್ನೇ. ಖಾಲಿದು ಬದುವಿನ ಮೇಲೆ ಹಾಕಿದ್ರೆ ನಾವು ಆಮೇಲೆ ಹುಡ್ಕಲ್ಲ ಅಂತ ನೀನು ಅಂದ್ಕಂಡೆ."

ದಯಾನಂದ ಪ್ರದೀಪನ ಕಡೆ ತಿರುಗಿದ. "ಒಂದು ಕಾಪಿ ಮಾಡಿಕೊಡು ಅಂತ ಎಷ್ಟು ವರ್ಷ ಕೇಳಿದ್ದೀನಿ ನಿನ್ನ? ಕಾಪಿ ಮಾಡ್ಕಂಡು ತಿರುಗಿ ಇಡಾಣ ಅಂತಾನೇ ತಂದಿದ್ದು. ನೀನು ಸಂಜೆಗೇ ಬೀರು ತೆಗ್ದು, ಮಾವಂದೇ ಕೆಲಸ ಅಂತ ಫೋನ್ ಮಾಡ್ದೆ. ನಿಮ್ಮಾವ ಹೊಲಕ್ಕೆ ಟೇಪು ಕಟ್ಟಿದ್ದು ನೀನೇ ಹೇಳಿ ನಗಾಡಿದ್ಯಲ್ಲ. ಬೆಳಕು ಹರಿಯೋಕೆ ಮುಂಚೆ ಹೋಗಿ ಹಾಕಿಬಂದೆ."

ಪ್ರದೀಪನಿಗೆ ಇದ್ಯಾವುದೂ ಕೇಳಿಸಲಿಲ್ಲ. ಬಿ-ಸೈಡ್ ತಿರುಗಿಸಿ ಹಾಕಿ, ಟೇಪು ಎಲ್ಲಾದರೂ ಸುಕ್ಕಾಗಿದೆಯೋ ಅಂತ ಕಿವಿಗೊಟ್ಟು ಕೂತಿದ್ದ. ನಾನೇ ಎದ್ದು ಸ್ವಿಚ್ ಆರಿಸಿದೆ.

* * *

ಮರುದಿನ ಧರ್ಮಪುರ. ದಾಸಣ್ಣನ ಪಡಸಾಲೆ. ಪ್ರದೀಪ್ ಮಾವನ ಕಾಲು ಮುಟ್ಟಿದ. "ತಪ್ಪಾಯ್ತು ಮಾವ. ದಯಾನಂದ ಕದ್ದಿದ್ದ. ಸಿಕ್ತು."

ಒಳಗಿನಿಂದ ಅನುಷಾ ಬಂದಳು. "ನಮ್ಮಪ್ಪ ಕಳ್ಳ ಅಲ್ಲ ಅಂತ ನಿನ್ನೆ ಹೊಲದಾಗೇ ಗೊತ್ತಾಗಿತ್ತಂತಲ್ಲ. ನಿನ್ನೆ ಯಾಕೆ ಬಾಯಿ ಬರ್ಲಿಲ್ಲ?"

 

ಊಟದ ಹೊತ್ತು. ನನಗೊಂದು, ಅವಳಪ್ಪನಿಗೊಂದು ತಟ್ಟೆ ಹಾಕಿದಳು.

"ಅವ್ನಿಗೂ ಹಾಕವ್ವ," ಅಂದರು ದಾಸಣ್ಣ.

ಹಾಕಿದಳು. ಯಾರಿಗೂ ಬಡಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಒರಗಿ ನಿಂತಳು.

ಪ್ರದೀಪ್ ಖಾಲಿ ತಟ್ಟೆ ನೋಡಿದ. ಆಮೇಲೆ ಎದ್ದು ಒಲೆಯ ಹತ್ತಿರ ಹೋಗಿ ಮುದ್ದೆ ಸಾರು ತಂದ. ಮೊದಲು ಮಾವನ ತಟ್ಟೆಗೆ ಹಾಕಿದ.