ಸಮದಸಾಬರ ಗಾಡಿಗೆ ಬಂದ ಗಿರಾಕಿ

ಅಬ್ಬಾನ ಗಾಡಿಯ ಗಾಜನ್ನು ಯಾರೋ ಅಪರಿಚಿತ ತನ್ನ ಕರವಸ್ತ್ರದಿಂದ ಒರೆಸುತ್ತಿದ್ದ.

ಕಿರಾಣಿ ಅಂಗಡಿಯಿಂದ ಬಂದ ಮುಮತಾಜ ತಗಡಿನ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಅಬ್ಬಾ ತೀರಿಕೊಂಡ ಮೇಲೆ ಆ ಗಾಜನ್ನು ಅವಳ ಹೊರತು ಯಾರೂ ಮುಟ್ಟಿರಲಿಲ್ಲ.

"ಯಾರ್ರಿ ನೀವು? ಹೇಳಲಾರದ ಕೇಳಲಾರದ ಒಳಗ ಬಂದೀರಲ್ಲ..."

ಅವನು ಬೆಚ್ಚಿ ತಿರುಗಿದ. ಮೂವತ್ತರ ಆಸುಪಾಸಿನ ವಯಸ್ಸು. ತಲೆಗೂದಲ ತುಂಬ ರಸ್ತೆಯ ಧೂಳು. ಗೋಡೆಗೆ ಒಂದು ಹಳೆಯ ಸೈಕಲ್ ಒರಗಿತ್ತು.

"ನಿಮ್ಮ ಅಮ್ಮಿ... ಖಾಲಾ ಒಳಗ ಬಿಟ್ರು. ಗಾಡಿ ನೋಡಾಕ ಬಂದೇನ್ರಿ. ನನ್ನ ಹೆಸರ ಸೈಫುದ್ದೀನ, ಟಿಕೋಟಾದಾಗ ಸಾಲಿ ಮಾಸ್ತರ ಅದೇನಿ."

ಟಿಕೋಟಾದಿಂದ ಸೈಕಲ್ ತುಳಿದುಕೊಂಡು ಬಂದವನು ಈ ಗಾಡಿ ಕೊಳ್ಳುತ್ತಾನೆಯೇ? ಮುಮತಾಜ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವನು ಒದ್ದೆ ಕರವಸ್ತ್ರವನ್ನು ಅವಸರದಿಂದ ಜೇಬಿಗೆ ತುರುಕಿ, ಇಂಜಿನ್ನಿನ ಸದ್ದು ಒಮ್ಮೆ ಕೇಳಬಹುದೇ ಎಂದ.

ಬೇರೆ ಗಿರಾಕಿಗಳು ಇಷ್ಟು ಹೊತ್ತಿಗೆ ಮನೆಯ ಗಂಡಸರನ್ನು ಹುಡುಕುತ್ತಿದ್ದರು. ಅವಳೇ ಸ್ಟೇರಿಂಗ್ ಮುಂದೆ ಕೂತರೆ ಕಣ್ಣು ಕಣ್ಣು ಬಿಡುತ್ತಿದ್ದರು. ಇವನು ಹಾಗೇನೂ ಮಾಡದೆ, ಅದೇ ಸರಿ ಎನ್ನುವಂತೆ ಪಕ್ಕಕ್ಕೆ ಸರಿದು ನಿಂತ. ಗಾಡಿ ಚಾಲೂ ಆಯಿತು. ಪಕ್ಕದ ಮನೆಯ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಅವನು ತಲೆ ತಗ್ಗಿಸಿ ಸದ್ದನ್ನು ಆಲಿಸಿದ. ಆಮೇಲೆ ಶುಕ್ರಿಯಾ ಹೇಳಿ ಸೈಕಲ್ ಹತ್ತಿ ಹೊರಟೇಹೋದ.

ಬೆಲೆ ಕೇಳಲಿಲ್ಲ. ಎಷ್ಟು ವರ್ಷದ ಗಾಡಿ ಎಂದೂ ಕೇಳಲಿಲ್ಲ.

ಅಡುಗೆಮನೆಯಿಂದ ಬಂದ ತಾಯಿ ಬೀಬಿಜಾನ ಏನಂದ ಎಂದು ವಿಚಾರಿಸಿದಳು. ಅವನು ಏನೂ ಅಂದಿರಲಿಲ್ಲವಲ್ಲ...

ಮುಮತಾಜಳ ತಂದೆ ಅಬ್ದುಲಸಮದ ವಿಜಾಪುರದ ಪೇಟೆಯಲ್ಲಿ ಜೋಳದ ಅಡತಿ ವ್ಯಾಪಾರ ಮಾಡುತ್ತಿದ್ದವರು. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ ಮನೆ. ಮಾತು ಕಡಿಮೆ, ಶೋಕಿ ಇಲ್ಲವೇ ಇಲ್ಲ. ಇರುವ ಎರಡೇ ಕೋಟುಗಳನ್ನು ಸರದಿಯಂತೆ ಹಾಕಿಕೊಳ್ಳುತ್ತಿದ್ದರು. ಅಂಥ ಮನುಷ್ಯ ಒಮ್ಮೆ ವ್ಯಾಪಾರಕ್ಕೆಂದು ಮುಂಬೈಗೆ ಹೋದವರು, ಒಬ್ಬ ಪಾರ್ಸಿ ಡಾಕ್ಟರಿಂದ ಈ ವಿಲಾಯತಿ ಗಾಡಿ ಕೊಂಡು ಅದರಲ್ಲೇ ತಿರುಗಿ ಬಂದಿದ್ದರು.

ನಾಲ್ಕು ಬಾಗಿಲು, ಬೂದಿ ಬಣ್ಣ. ನೋಡಿದರೆ ಯಾವುದೋ ಗುಮಾಸ್ತನ ಗಾಡಿಯಂತೆ ಸಾದಾ ಸೀದಾ. ಓಣಿಯ ಮಂದಿ ಅದನ್ನು ಫಿಯೆಟ್ ಎಂದೇ ತಿಳಿದಿದ್ದರು. ಆದರೆ ಅದರ ಇಂಜಿನ್ನು ಪಂದ್ಯದ ಗಾಡಿಗಳದು. ತೊರವಿ ದಾಟಿದ ಮೇಲೆ ಟಿಕೋಟಾ ರಸ್ತೆ ಖಾಲಿ ಸಿಕ್ಕಿತೆಂದರೆ ಸಮದಸಾಬರು ಬೇರೆಯೇ ಮನುಷ್ಯರಾಗುತ್ತಿದ್ದರು. ಅದೇ ರಸ್ತೆಯಲ್ಲಿ ಮಗಳಿಗೂ ಗಾಡಿ ಓಡಿಸಲು ಕಲಿಸಿದ್ದರು.

ಎಪ್ಪತ್ತೈದನೇ ಇಸವಿಯ ಮಳೆಗಾಲದಲ್ಲಿ ಅವರು ಹೃದಯ ನಿಂತು ತೀರಿಕೊಂಡರು. ಬೀಬಿಜಾನಳ ಅಣ್ಣ ಸೊಲ್ಲಾಪುರದಿಂದ ಬಂದು, ಗಾಡಿ ಮಾರಿ ಇಬ್ಬರೂ ತನ್ನ ಮನೆಗೆ ಬಂದುಬಿಡಿ ಎಂದು ಹೇಳಿ ಹೋದ. ಗಾಡಿ ಹೋದರೆ ಊರನ್ನೂ ಬಿಡಬೇಕು. ಅದು ಮುಮತಾಜಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಗಿರಾಕಿಗಳು ಬಂದರು. ಒಬ್ಬ ಜಮೀನ್ದಾರನ ಮಗ ಕೆಂಪು ಬಣ್ಣ ಹೊಡೆಸಿದರೆ ಮಂದಿ ತಿರುಗಿ ನೋಡುತ್ತಾರೆಯೇ ಎಂದ. ಇನ್ನೊಬ್ಬನಿಗೆ ಅದನ್ನು ಬಾಡಿಗೆಗೆ ಬಿಡುವ ಆಸೆ. ಇಬ್ಬರಿಗೂ ಮುಮತಾಜ ಇಲ್ಲವೆಂದಳು.

ಅಬ್ಬಾನ ಗೆಳೆಯ ಲಾಲಸಾಬ ಸ್ಟೇಷನ್ ಹತ್ತಿರ ಗ್ಯಾರೇಜ್ ಇಟ್ಟಿದ್ದ. ಗಿರಾಕಿಗಳನ್ನು ಕಳಿಸುತ್ತಿದ್ದವನೂ ಅವನೇ. ಅವಳು ಯಾರನ್ನೂ ಒಪ್ಪದಿದ್ದುದನ್ನು ಕಂಡು ಅವನು ನಕ್ಕ.

"ದೊಡ್ಡಸ್ತಿಕಿ ತೋರಸಾಂವ ಅಂಬಾಸಡರ್ ತಗೋತಾನ. ಸಂಸಾರಸ್ಥ ಫಿಯೆಟ್ ತಗೋತಾನ. ಇದನ್ನ ತಗೊಳ್ಳಾಂವ ಇಬ್ಬರೊಳಗೂ ಬರೂದಿಲ್ಲ ಬೇಟಿ. ಒಂದ ಹುಚ್ಚ ಇರತೈತಿ, ಅದನ್ನ ಯಾರಿಗೂ ತೋರಸೂದಿಲ್ಲ. ಕೇಳಿದ್ರ ಹೇಳಾಕೂ ಬರೂದಿಲ್ಲ ಅವಗ. ಅಂಥಾವ ಬರೂಮಟಾ ತಡಿ."

ಇಂಜಿನ್ನಿನ ಸದ್ದು ಕೇಳಿ ಹೋದ ಮರುವಾರ, ಸಾಲಿಗೆ ರಜೆ ಇರುವ ಐತವಾರ, ಸೈಫುದ್ದೀನ ಮತ್ತೆ ಬಂದ. ಅದರ ಮುಂದಿನ ಐತವಾರವೂ ಬಂದ.

ಒಮ್ಮೆ ಬೀಬಿಜಾನಳಿಗೆಂದು ಬಾರಿಹಣ್ಣು ತಂದ. ಇನ್ನೊಮ್ಮೆ ಗಾಡಿಯ ಮಗ್ಗುಲಲ್ಲಿ ನಿಂತು ಅಬ್ಬಾನ ಬಗ್ಗೆ ಕೇಳಿದ. ಮುಮತಾಜ ಹೇಳುತ್ತಾ ಹೋದಳು. ಅಬ್ಬಾ ತೀರಿಕೊಂಡ ಮೇಲೆ ಅವರ ಬಗ್ಗೆ ಅಷ್ಟು ಹೊತ್ತು ಯಾರೊಡನೆಯೂ ಮಾತಾಡಿರಲಿಲ್ಲ. ಹೇಳುತ್ತಾ ಹೇಳುತ್ತಾ ತಾನು ನಗುತ್ತಿದ್ದೇನೆ ಎಂದು ಗೊತ್ತಾಗಿ ಅವಳಿಗೇ ಆಶ್ಚರ್ಯವಾಯಿತು.

ಆದರೂ ಅವನು ಬೆಲೆ ಕೇಳಲಿಲ್ಲ.

ಲಾಲಸಾಬ ಹೇಳಿದವನು ಇವನೇ ಇರಬೇಕು ಎಂದು ಒಂದು ದಿನ ಅನಿಸುವುದು. ಹೌದು, ಹುಚ್ಚಿದೆ, ಹೇಳಲು ಬರುವುದಿಲ್ಲ... ಮರುದಿನ ಮನಸ್ಸು ತಿರುಗುವುದು. ಸಾಲಿ ಮಾಸ್ತರನಿಗೆ ಪೆಟ್ರೋಲ್ ಕುಡಿಯುವ ಗಾಡಿ ಯಾಕೆ? ಹಾಗಾದರೆ ಅವನು ಬರುವುದಾದರೂ ಯಾತಕ್ಕೆ? ಗಾಡಿಗೋ... ಇಲ್ಲಾ...

ಮುಂದಕ್ಕೆ ಯೋಚಿಸಲು ಅವಳಿಗೆ ನಾಚಿಕೆಯಾಗುತ್ತಿತ್ತು. ಹೊಲಿಗೆ ಮಶೀನಿನ ಮುಂದೆ ಕೂತು ಉದ್ದ ಹೊಲಿಯುವಲ್ಲಿ ಅಡ್ಡ ಹೊಲಿದು ಬಿಚ್ಚುತ್ತಿದ್ದಳು. ಐತವಾರ ಬೆಳಿಗ್ಗೆ ಮಾತ್ರ ಶೆಡ್ಡನ್ನು ಎರಡು ಸಲ ಗುಡಿಸುತ್ತಿದ್ದಳು.

ಇನ್ನೊಂದು ವಿಚಿತ್ರವೂ ನಡೆಯಿತು. ಬರುತ್ತೇವೆ ಎಂದಿದ್ದ ಗಿರಾಕಿಗಳು ಬರಲಿಲ್ಲ. ನಿಡೋಣಿಯವನು ತಪ್ಪಿಸಿಕೊಂಡ, ಕಳ್ಳಕವಟಗಿಯವನ ಸುದ್ದಿಯೇ ಇಲ್ಲ. ಬೀಬಿಜಾನ ಇದು ಯಾರದೋ ಕಣ್ಣು ತಾಗಿದ್ದು ಎಂದಳು.

ಒಂದು ಬುಧವಾರ ಬಬಲೇಶ್ವರದಿಂದ ತುಕಾರಾಮ ಎಂಬಾತ ಬಂದ. ಹಿಟ್ಟಿನ ಗಿರಣಿ ನಡೆಸುವವನು, ಮೀಸೆಗೂ ಹಿಟ್ಟು ಹತ್ತಿತ್ತು.

"ತಂಗಿ, ಖರೇ ಹೇಳಬೇಕು ನೋಡು. ಗಾಡಿ ಇಂಜಿನ್ ಕೆಟ್ಟೈತಿ, ಎಣ್ಣಿ ಕುಡೀತೈತಿ ಅಂತ ನಮ್ಮೂರ ಸಂತ್ಯಾಗ ಒಬ್ಬ ಮಾಸ್ತರ ಹೇಳಾಕತ್ತಾನ. ಟಿಕೋಟಾದಾಂವಂತ. ಸೈಕಲ್ ಮ್ಯಾಲ ಬಂದಿದ್ದ."

ಮುಮತಾಜಳಿಗೆ ಕಿವಿಯಲ್ಲಿ ಗುಂಯ್ ಎಂದಿತು. ಇಲ್ಲ... ಬೇರೆ ಯಾರೋ ಇರಬೇಕು. ಆದರೆ ಟಿಕೋಟಾದಲ್ಲಿ ಈ ಗಾಡಿ ನೋಡಿದ ಮಾಸ್ತರು ಇನ್ನೆಷ್ಟು ಜನರಿದ್ದಾರು?

ಅವಳು ಲಾಲಸಾಬನನ್ನು ಕರೆಸಿದಳು. ಅವನ ಜೊತೆ ತುಕಾರಾಮ ತೊರವಿಯವರೆಗೆ ಗಾಡಿ ಓಡಿಸಿಕೊಂಡು ಬಂದ. ಬಂದವನು ಇಳಿಯಲೇ ಇಲ್ಲ. ಸ್ಟೇರಿಂಗ್ ಹಿಡಿದು ಸ್ವಲ್ಪ ಹೊತ್ತು ಕೂತೇ ಇದ್ದ. ಕೊನೆಗೆ ಒಂದೇ ಮಾತು ಕೇಳಿದ. ಬಣ್ಣ ಇದೇ ಇಟ್ಟುಕೊಂಡರೆ ನಿಮ್ಮದೇನೂ ಅಭ್ಯಂತರ ಇಲ್ಲವಲ್ಲ?

ಅಬ್ಬಾನೇ ಎದುರಿಗೆ ಕೂತಂತಾಯಿತು. ಲಾಲಸಾಬ ಅವಳತ್ತ ನೋಡಿ ಕಣ್ಣಲ್ಲೇ ಹೌದೆಂದ. ಮುಮತಾಜ ಸೋಮವಾರ ಒಯ್ಯಲು ಒಪ್ಪಿಗೆ ಕೊಟ್ಟಳು. ಅದರಲ್ಲಿ ಸಂತೋಷ ಎಷ್ಟಿತ್ತೋ, ಸಿಟ್ಟು ಎಷ್ಟಿತ್ತೋ ಅವಳಿಗೂ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಶೆಡ್ಡಿನಲ್ಲಿ ಕೂತು ಅತ್ತಳು. ಬೆಲೆ ಇಳಿಯಲೆಂದು ಕಾಯುತ್ತಿದ್ದ. ಅಷ್ಟೇ. ಬಾರಿಹಣ್ಣು, ಅಬ್ಬಾನ ಮಾತು, ಎಲ್ಲವೂ ಅದಕ್ಕೇ... ನಾನೆಂಥ ದಡ್ಡಿ!

ಐತವಾರ ಸೈಫುದ್ದೀನ ಬಂದಾಗ ಅವಳು ಚಾವಿ ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ಬೀಬಿಜಾನ ಒಳಗಿನ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಬಬಲೇಶ್ವರದಾಗ ನಮ್ಮ ಗಾಡಿ ಕೆಟ್ಟೈತಿ ಅಂತ ಹೇಳಿದಾವ್ರು ನೀವೇನ್ರಿ?"

ಅವನ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳಲಿ, ಇಲ್ಲವೆನ್ನಲಿ ಎಂದು ಅವಳ ಜೀವ ಒಳಗೊಳಗೇ ಬೇಡಿಕೊಂಡಿತು.

"ಹೌದ್ರಿ. ಅಲ್ಲಿ ಅಷ್ಟ ಅಲ್ಲ... ನಿಡೋಣ್ಯಾಗೂ ಹೇಳೇನಿ, ಕಳ್ಳಕವಟಗ್ಯಾಗೂ ಹೇಳೇನಿ."

ಅವಳು ಚಾವಿಯನ್ನು ಅವನ ಅಂಗೈಗೆ ಒತ್ತಿದಳು.

"ಸೋವಿ ಆಗಲಿ ಅಂತ ಇಷ್ಟ ತ್ರಾಸ ಯಾಕ ತಗೊಂಡ್ರಿ? ಪುಕ್ಕಟನ ಒಯ್ರಿ. ಹತ್ರಿ, ಈಗಿಂದೀಗ ಟಿಕೋಟಾಕ್ಕ ಹೊಡಕೊಂಡ ಹೋಗ್ರಿ."

ಅವನು ಚಾವಿ ನೋಡಿದ, ಗಾಡಿ ನೋಡಿದ, ಅವಳನ್ನು ನೋಡಿದ.

"ನನಗ ಗಾಡಿ ಹೊಡ್ಯಾಕ ಬರೂದಿಲ್ರಿ."

ಮುಮತಾಜಳಿಗೆ ಅರ್ಥವೇ ಆಗಲಿಲ್ಲ. ಗಾಡಿ ಓಡಿಸಲು ಬಾರದವನು ಗಾಡಿ ನೋಡಲು ಇಷ್ಟು ಸಲ...

"ಮತ್ತ... ಮತ್ತ ಯಾತಕ್ಕ ಬರ್ತಿದ್ರಿ?"

"ಹ್ವಾದ ವರ್ಷ ತೊರವಿ ಆಚಿಕ ಸೈಕಲ್ ಪಂಕ್ಚರ್ ಆಗಿ ನಿಂತಿದ್ದೆ. ಈ ಗಾಡಿ ಹಾದುಹ್ವಾತು. ನಿಮ್ಮ ಅಬ್ಬಾ ಬಾಜೂಕ ಕುಂತಿದ್ರು, ಹೊಡ್ಯಾಕತ್ತಿದ್ದಾವ್ರು ನೀವು. ಬಾಯಿ ತುಂಬ ನಗಾಕತ್ತಿದ್ರಿ." ಅವನು ತಡೆದು ಉಸಿರೆಳೆದುಕೊಂಡ. "ಗಾಡಿ ಮಾರಾಟಕ್ಕೈತಿ ಅಂತ ಕೇಳಿದಾಗ ಒಮ್ಮಿ ನೋಡಿ ಹೋದ್ರಾತು ಅಂತ ಬಂದೆ. ಆಮ್ಯಾಲ ಖಾಲಾ ಅಂದ್ರು, ಗಾಡಿ ಹ್ವಾತಂದ್ರ ನಾವು ಸೊಲ್ಲಾಪುರಕ್ಕ ಹೋಗ್ತೇವಿ ಅಂತ. ಯಾವ ಊರಿಂದ ಗಿರಾಕಿ ಬರ್ತಾರ ಅನ್ನೂದೂ ಅವ್ರ ಮಾತಿನ್ಯಾಗ ತಿಳೀತಿತ್ತು. ಅವತ್ತಿಂದ ಸುಳ್ಳ ಹೇಳಾಕತ್ತೇನಿ. ತಪ್ಪ ಮಾಡೇನಿ. ಆದ್ರ ಗಾಡಿ ಆಸೇಕ ಮಾಡಿಲ್ರಿ."

ಪಡಸಾಲೆಯಲ್ಲಿ ಅಕ್ಕಿ ಆರಿಸುವ ಸದ್ದು ನಿಂತಿತ್ತು.

ಮುಮತಾಜಳ ಸಿಟ್ಟು ಇನ್ನೂ ಅಲ್ಲೇ ಇತ್ತು. ಆದರೆ ಅದರ ಕೆಳಗಿನಿಂದ ಬೇರೇನೋ ಉಕ್ಕಿ ಬರುತ್ತಿತ್ತು. ತಾನಾದರೂ ಏನು ಮಾಡುತ್ತಿದ್ದಳು? ಮೊದಲಿನ ಇಬ್ಬರು ಗಿರಾಕಿಗಳನ್ನು ಅಬ್ಬಾನಿಗಾಗಿ ಬೇಡವೆಂದಿದ್ದಳು, ನಿಜ. ಆದರೆ ನಿಡೋಣಿಯವನು ಬಾರದೆ ಹೋದಾಗ ಅವಳ ಮನಸ್ಸು ಹಗುರಾಗಿತ್ತಲ್ಲ... ಅದು ಯಾರಿಗಾಗಿ?

ಆದರೂ ಅವಳು ಕಣ್ಣೊರೆಸಿಕೊಂಡು, ಅಬ್ಬಾನ ಗಾಡಿಯ ಮೇಲೆ ಹೇಳಿದ ಸುಳ್ಳನ್ನು ಹೇಳಿದವನೇ ಬಬಲೇಶ್ವರಕ್ಕೆ ಹೋಗಿ ತೆಗೆಯಬೇಕು ಎಂದಳು. ಅದೂ ಇವತ್ತೇ. ಅವನು ಚಾವಿ ತಿರುಗಿ ಕೊಟ್ಟ.

ಯಾರೂ ಕರೆಯುವ ಮೊದಲೇ ಬೀಬಿಜಾನ ಬುರ್ಖಾ ಹಾಕಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತಳು.

ಬಬಲೇಶ್ವರದ ರಸ್ತೆಯ ಎರಡೂ ಬದಿಗೆ ಜೋಳ ತೆನೆ ಹಿಡಿದಿತ್ತು. ಎದುರಿಗೆ ಒಂದು ಚಕ್ಕಡಿಯೂ ಇಲ್ಲದ ಕಡೆ ಮುಮತಾಜ ಗಾಡಿಯನ್ನು ಬಿಟ್ಟಳು. ಅಷ್ಟು ಹೊತ್ತು ಮುಲುಗುತ್ತಿದ್ದ ಗಾಡಿ ಒಮ್ಮೆಲೇ ನೆಲ ಬಿಟ್ಟಂತೆ ಹಾರಿತು. ಸೈಫುದ್ದೀನ ಮುಂದಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಮುಮತಾಜಳಿಗೆ ಅಳುವ ಜೊತೆಗೇ ನಗು ಬಂತು.

ಹಿಂದಿನಿಂದ ಬೀಬಿಜಾನಳ ದನಿ ಮೆಲ್ಲಗೆ ಕೇಳಿಸಿತು. "ನಿಮ್ಮ ಅಬ್ಬಾಗ ಈ ಗಾಡಿ ಯಾಕ ಬೇಕಾಗಿತ್ತಂತ ಇಷ್ಟ ವರ್ಷ ತಿಳೀಲಿಲ್ಲ ನನಗ. ಈಗ ತಿಳೀತ ನೋಡು."

ಗಿರಣಿಯ ಮುಂದೆ ಹಿಟ್ಟು ಬೀಸಿಸಲು ಬಂದ ಮಂದಿ ಇದ್ದರು. ಅವರೆಲ್ಲರ ಎದುರಿಗೆ ಸೈಫುದ್ದೀನ, ಈ ಗಾಡಿಯಲ್ಲಿ ಯಾವ ದೋಷವೂ ಇಲ್ಲ, ತಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡ. ತುಕಾರಾಮ ಅವನನ್ನೂ ಮುಮತಾಜಳನ್ನೂ ಬದಲಿಸಿ ಬದಲಿಸಿ ನೋಡಿದ. ಯಾಕೆಂದು ಕೇಳಲಿಲ್ಲ.

"ನೀ ಸುಳ್ಳ ಹೇಳಿದ್ದ ಚಲೋನ ಆತ ಬಿಡಪಾ," ಎಂದ. "ಒಂದ ಗಾಡಿ ಬೈಯಾಕ ಅಷ್ಟ ದೂರಿಂದ ಸೈಕಲ್ ತುಳಕೊಂಡ ಬಂದಾನಂದ್ರ ಆ ಗಾಡ್ಯಾಗ ಏನರ ಇರಬೇಕು ಅನಸ್ತು. ಅದಕ್ಕ ನೋಡಾಕ ಹ್ವಾದೆ."

ಮುಮತಾಜ ಗಾಡಿಯ ಮೇಲೆ ಒಮ್ಮೆ ಕೈಯಾಡಿಸಿ ಚಾವಿಯನ್ನು ತುಕಾರಾಮನಿಗೆ ಕೊಟ್ಟಳು. ಸೋಮವಾರದ ತನಕ ಯಾಕೆ, ಇವತ್ತೇ ಇರಲಿ ಎಂದಳು.

ತಿರುಗಿ ಬರುವಾಗ ಬಸ್ಸು. ಬೀಬಿಜಾನ ಮುಂದಿನ ಸೀಟು ಹಿಡಿದು ಕಿಟಕಿಯತ್ತ ಮುಖ ಮಾಡಿ ಕೂತಳು. ಹಿಂದಿನ ಸೀಟಿನಲ್ಲಿ ಇಬ್ಬರೂ ನಡುವೆ ಜಾಗ ಬಿಟ್ಟು ಕೂತಿದ್ದರು.

"ಗಾಡಿ ಉಳೀಬೇಕಾಗಿತ್ರಿ," ಎಂದ ಸೈಫುದ್ದೀನ. ದನಿಯಲ್ಲಿ ಹೆದರಿಕೆ ಇತ್ತು.

"ಅದು ಇರೂಮಟಾ ನೀವು ಯಾತಕ್ಕ ಬರ್ತೀರಿ ಅನ್ನೂದು ನನಗ ಎಂದೂ ಖಾತ್ರಿ ಆಗ್ತಿರಲಿಲ್ಲ."

ಬಸ್ಸು ಒಂದು ತಿರುವಿನಲ್ಲಿ ವಾಲಿತು. ಬೀಬಿಜಾನ ತಿರುಗದೆಯೇ, ಬರುವ ಐತವಾರ ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬಾ ಮಾಸ್ತರ, ಸೊಲ್ಲಾಪುರದ ಅಣ್ಣನಿಗೆ ನಾನು ಹೇಳಿ ಕಳಿಸುತ್ತೇನೆ ಎಂದಳು.

ಸೈಫುದ್ದೀನ ಮುಮತಾಜಳತ್ತ ತಿರುಗಿದ.

"ಖಾಲಾ ಹೇಳಿದ್ರು. ನೀವು ಏನಂತೀರಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಸೊಲ್ಲಾಪುರ ಭಾಳ ದೂರ ಆಕ್ಕೈತ್ರಿ."

"ಟಿಕೋಟಾ?"

"ಟಿಕೋಟಾ ಸಮೀಪ ಐತಿ," ಎಂದಳು ಮುಮತಾಜ. ಅಷ್ಟು ಹೇಳುವುದರೊಳಗೆ ಅವಳ ಮುಖವೆಲ್ಲ ಕೆಂಪಾಗಿತ್ತು.